ವೈನಿಯವರ ಮಡಕೆಯಲ್ಲಿ ಸತ್ತ ಎರೆಮೀನು

ಮೀನು ಸತ್ತದ್ದು ಕಾಸಿ ಆರಿಸಿದ ನೀರಿನಿಂದ. ನನ್ನ ಕೋಲಿನಿಂದಲ್ಲ, ಗಾಳದಿಂದಲ್ಲ, ಯಾರ ಕಣ್ಣುದೃಷ್ಟಿಯಿಂದಲೂ ಅಲ್ಲ. ಊರಲ್ಲಿ ಇನ್ನೂ ಬೇರೆ ಬೇರೆ ಕತೆ ಕಟ್ಟುವವರಿದ್ದಾರೆ, ಕಟ್ಟಲಿ. ನಡೆದದ್ದು ಇಷ್ಟೇ. ಆದರೆ ಇಷ್ಟು ತಿಳಿಯುವ ಹೊತ್ತಿಗೆ ಒಬ್ಬ ಹೆಣ್ಣುಮಗಳು ಉಪವಾಸದಿಂದ ಗೋಡೆ ಹಿಡಿದು ನಡೆಯುವಂತಾಗಿದ್ದರು, ನನ್ನ ತಲೆ ಮೊಸರುಗಡಿಗೆಯಾಗಿತ್ತು.

ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಈಗ ಕಣ್ಣು ಸಾಲದೆ ಗಾಳದ ಕೋಲನ್ನೂ ಬಿಟ್ಟಿದ್ದೇನೆ. ನಮ್ಮ ಓಣಿಯ ಸೊಸೆಯಂದಿರು ಕೆಲವರು ಎರೆಮೀನು ಹಿಡಿಯುವ ಈ ಕೆಲಸಕ್ಕೆ ಹೊಸದಾಗಿ ಇಳಿದಿದ್ದಾರೆ. ಬಂದು ಕೂತು, ಹೆಂಗ ಹಿಡೀಬೇಕ ಹೇಳಬೇ ಅಂತಾರೆ. ಹಿಡಿಯುವುದು ದೊಡ್ಡ ಮಾತಲ್ಲ. ಹಿಡಿದದ್ದನ್ನು ಜೀವಂತ ಇಡುವುದೇ ಕೆಲಸ. ಅದು ಬಾಯಲ್ಲಿ ಹೇಳಿದರೆ ಅವರಿಗೆ ನೆನಪಿರುವುದಿಲ್ಲ, ಅದಕ್ಕೆ ಬರೆದಿಡುತ್ತಿದ್ದೇನೆ.

ನಾವು ಅಂಬಿಗರು. ಊರು ಕೃಷ್ಣೆಯ ದಂಡೆಯಲ್ಲಿದೆ. ಅಥಣಿಗೂ ಹೋಗಬಹುದು, ರಾಯಬಾಗಕ್ಕೂ ಹೋಗಬಹುದು, ಎರಡೂ ಕಡೆ ಬಸ್ಸಿನಲ್ಲಿ ನಿಂತೇ ಹೋಗಬೇಕು. ಗಂಡಸರು ಹೊಳೆಗೆ ಉದ್ದನೆಯ ಹಗ್ಗ ಬಿಟ್ಟು, ಅದಕ್ಕೆ ದೊಡ್ಡ ಗಾಳಗಳನ್ನು ಕಟ್ಟಿ, ಬಾಳೆ ಮೀನು, ಮರಳ ಮೀನು ಹಿಡಿಯುತ್ತಾರೆ. ಈ ದೊಡ್ಡ ಮೀನುಗಳಿಗೆ ಸೊಕ್ಕು. ಸತ್ತದ್ದನ್ನು ಮೂಸಿಯೂ ನೋಡುವುದಿಲ್ಲ. ಗಾಳದಲ್ಲಿ ಬೆರಳುದ್ದದ ಸಣ್ಣ ಮೀನು ಜೀವಂತ ಒದ್ದಾಡುತ್ತಿರಬೇಕು, ಆಗ ಬಂದು ನುಂಗುತ್ತವೆ. ಆ ಸಣ್ಣ ಮೀನೇ ಎರೆಮೀನು. ಅದನ್ನು ಹಿಡಿದು ಕೊಡುವ ಕೆಲಸ ನಮ್ಮ ಮನೆಯಲ್ಲಿ ಹೆಂಗಸರದು. ನನಗಿಂತ ಮೊದಲು ನಮ್ಮತ್ತೆ ಸಾಂವಕ್ಕ, ಆಮೇಲೆ ನಾನು.

ಅತ್ತೆಯ ಕೋಲು ಬಿದಿರಿನ ತುದಿಯದು. ನನ್ನ ಕಿರುಬೆರಳಿಗಿಂತ ಸಣ್ಣ, ಎಣ್ಣೆ ಸವರಿ ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿದ್ದು. ದಾರ ಕೋಲಿನಷ್ಟೇ ಉದ್ದ. ಎಳೆದರೆ ಮೀನು ತಾನಾಗಿ ತೂಗಿ ಬಂದು ಮಡಕೆಯ ಬಾಯಿಗೆ ನಿಲ್ಲಬೇಕು. ಒಂದು ದಾರಕ್ಕೆ ಒಂದರ ಕೆಳಗೊಂದು ಸಣ್ಣ ಗಾಳಗಳು. ಬಟ್ಟೆ ಹೊಲಿಯುವ ಸೂಜಿಯನ್ನು ದೀಪಕ್ಕೆ ಹಿಡಿದು ಬಾಗಿಸಿ ಆಕೆಯೇ ಮಾಡುತ್ತಿದ್ದಳು. ತೇಲುವುದಕ್ಕೆ ಜೋಳದ ದಂಟಿನೊಳಗಿನ ಬೆಂಡು. ತಿನ್ನಿಸಲು ರೊಟ್ಟಿ ಮತ್ತು ಶೇಂಗಾ ಹಿಂಡಿ ನಾದಿದ ಸಣ್ಣ ಗುಳಿಗೆ. ಬೆಂಡು ಅಲ್ಲಾಡಿದರೆ ಮಣಿಕಟ್ಟನ್ನಷ್ಟೇ ಎತ್ತಬೇಕು. ನಾನು ಮೊದಲು ತೋಳು ಸಮೇತ ಎತ್ತುತ್ತಿದ್ದೆ. ಮೀನು ಹಾರಿ ಹಿಂದಿನ ಕಬ್ಬಿಗೆ ಬೀಳುತ್ತಿತ್ತು.

"ಏನಬೇ, ಮೀನ ಹಿಡ್ಯಾಕತ್ತೀಯೋ, ಅರಬಿ ಒಗ್ಯಾಕತ್ತೀಯೋ?" ಅಂತ ಅತ್ತೆ ದಂಡೆಯ ಮೇಲೆ ಎಲ್ಲರಿಗೂ ಕೇಳುವಂತೆ ಅನ್ನುತ್ತಿದ್ದಳು.

ಆಕೆ ಬಾಯಿ ಜೋರಿನವಳು, ಕೈ ಮಾತ್ರ ಹತ್ತಿ. ಮೀನನ್ನು ಮುಟ್ಟುತ್ತಲೇ ಇರಲಿಲ್ಲ. ಗಾಳ ತಿರುಗಿಸಿ ಒಂದು ಸಲ ಜಾಡಿಸಿದರೆ ಅದು ಕಳಚಿ ನೀರಿಗೆ ಬೀಳಬೇಕು. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗುತ್ತದೆ, ಮರುದಿನ ಬಿಳಿ ಬೂಷ್ಟು ಬಂದು ಸಾಯುತ್ತದೆ. ಪೇಟೆಯ ಗಾಳ ತಂದರೆ ಅದರ ತುದಿಯ ಹಿಂಬದಿ ಮುಳ್ಳನ್ನು ಅರದಿಂದ ತಿಕ್ಕಿ ತೆಗೆಯಬೇಕು, ಇಲ್ಲದಿದ್ದರೆ ಬಾಯಿ ಹರಿಯುತ್ತದೆ. ಒಂದು ಮಡಕೆಗೆ ಆಸೆಪಟ್ಟು ಹೆಚ್ಚು ತುಂಬಬಾರದು. ತಗಡಿನ ಬಕೆಟ್ ಬಿಸಿಲಿಗೆ ಇಡಬಾರದು. ನನ್ನ ಸೊಸೆ ಪಾಲಬಾವಿಯಿಂದ ಹೊಸದಾಗಿ ಬಂದಾಗ ಸೋಪಿನ ಬಕೆಟ್ಟನ್ನೇ ಒಂದು ಸಲ ತೊಳೆದು ಮೀನು ಹಾಕಿದ್ದಳು. ಎಲ್ಲಾ ಹೊಟ್ಟೆ ಮೇಲೆ ಮಾಡಿ ತೇಲಿದವು. ನನ್ನ ಮಗ ಸಿದ್ರಾಮ ಆವತ್ತು ಖಾಲಿ ಹಗ್ಗ ಹಿಡಿದು ಮನೆಗೆ ಬಂದ. ಗಂಡ ಹೆಂಡತಿ ಮಾತು ಬಿಟ್ಟರು. ನಾನು ನಡುವೆ ಹೋಗಲಿಲ್ಲ.

ಎರೆಮೀನು ಸಾಯುವ ಎಲ್ಲ ದಾರಿಗಳೂ ನನಗೆ ಗೊತ್ತು ಅಂತ ನಾನು ತಿಳಿದಿದ್ದೆ.

ಆಮೇಲೆ ಸಾಂಗ್ಲಿಯ ಸಾಹೇಬರೊಬ್ಬರು ಬರತೊಡಗಿದರು. ಅವರು ಹೊಟ್ಟೆಪಾಡಿಗೆ ಹಿಡಿಯುವವರಲ್ಲ. ರವಿವಾರ ಕಾರು ತಂದು, ಟೋಪಿ ಹಾಕಿ, ದೊಡ್ಡ ಮೀನು ಹಿಡಿದು, ಫೋಟೋ ತೆಗೆಸಿಕೊಂಡು ಮತ್ತೆ ಹೊಳೆಗೇ ಬಿಡುವವರು. ತಿನ್ನದ ಮೇಲೆ ಯಾಕೆ ಹಿಡಿಯಬೇಕು ಅಂತ ನಾನು ಕೇಳಿದರೆ ನಕ್ಕರು. ಅವರಿಗೆ ಎರೆಮೀನು ನಾನೇ ಕೊಡುತ್ತಿದ್ದೆ. ಒಂದು ದಿನ ಅವರು ನನಗೆ ಒಂದು ಕೋಲು ತಂದುಕೊಟ್ಟರು. "ಮಾವಶಿ, ಹೇ ಘ್ಯಾ" ಅಂದರು, ಚಿಕ್ಕವ್ವಾ ಇದನ್ನ ತಗೋ ಅಂತ. ಮಡಚಿದರೆ ಲಟ್ಟಣಿಗೆಯಷ್ಟು, ಎಳೆದರೆ ನಮ್ಮ ಮನೆಯ ಪಡಸಾಲೆಯಷ್ಟು. ದಾರ ಕಣ್ಣಿಗೇ ಕಾಣುವುದಿಲ್ಲ. ಅದಕ್ಕೆ ಎಳ್ಳಿನಷ್ಟು ಗಾಳಗಳ ಸಾಲು, ಒಂದೊಂದಕ್ಕೂ ಹೊಳೆಯುವ ಎಳೆ ಕಟ್ಟಿದ್ದು. ಹಿಟ್ಟು ಬೇಡವಂತೆ. ಬರೀ ಅಲ್ಲಾಡಿಸಬೇಕಂತೆ.

"ಹಿಟ್ಟಿಲ್ದ ಮೀನ ಯಾಕ ಬರತಾವ್ರಿ?" ಅಂದೆ.

"ಅವಕ್ಕ ಹುಳದ ಗತೆ ಕಾಣತೈತಿ ಮಾವಶಿ," ಅಂದರು ತಮ್ಮ ಮುರುಕು ಕನ್ನಡದಲ್ಲಿ.

ಬಂದವು. ಒಂದೇ ಎಳೆತಕ್ಕೆ ಪ್ರತಿ ಗಾಳದಲ್ಲೂ ಒಂದು. ನನಗೆ ಖುಷಿಯಾಗಲಿಲ್ಲ. ಇಷ್ಟು ವರ್ಷ ನಾನು ನಾದಿದ ಹಿಟ್ಟನ್ನು ಅವು ಹಸಿವಿನಿಂದ ತಿನ್ನುತ್ತಿದ್ದವೋ, ಬರೀ ಮರುಳಿನಿಂದಲೋ ಅಂತ ಗೊಂದಲವಾಯಿತು. ಅದೇ ಸಾಹೇಬರು ಬಕೆಟ್ಟಿನಲ್ಲಿ ಗುಳುಗುಳು ಅನ್ನುವ ಬ್ಯಾಟರಿ ಡಬ್ಬಿಯನ್ನೂ ಕೊಟ್ಟರು. ಅದರಿಂದ ಗುಳ್ಳೆ ಬರುತ್ತದೆ, ಮೀನು ಬದುಕುತ್ತದೆ ಅಂದರು. ಸಿದ್ರಾಮ ಅದರ ಮುಂದೆ ಕೂತು ಟೀವಿ ನೋಡಿದ ಹಾಗೆ ನೋಡುತ್ತಿದ್ದ. ನಾನು ಅದನ್ನು ಅವನಿಗೇ ಬಿಟ್ಟೆ. ನನಗೆ ಹೊಳೆಯಲ್ಲಿ ಮುಳುಗಿಸಿಟ್ಟ ಬುಟ್ಟಿ ಸಾಕು.

ಈಗ ವೈನಿಯವರ ವಿಷಯ.

ನಮ್ಮೂರಲ್ಲಿ ಜೈನರ ಮನೆಗಳು ಬಹಳ. ಅದರಲ್ಲಿ ಅಣ್ಣಾಸಾಬರದು ಕಬ್ಬಿನ ದೊಡ್ಡ ಒಕ್ಕಲುತನ. ಅವರ ಹೆಂಡತಿ ಪದ್ಮಾವತಿ ಬೋರಗಾಂವದ ತವರಿನವರು, ಊರಿಗೆಲ್ಲ ವೈನಿ, ಅಂದರೆ ಅತ್ತಿಗೆ. ಅಣ್ಣಾಸಾಬರಿಗೆ ಎದೆಯ ರೋಗ ಬಂತು. ಮಿರಜದ ಆಸ್ಪತ್ರೆಯಲ್ಲಿ ಆಪರೇಶನ್ ಮಾಡುವ ದಿನ ಗೊತ್ತಾಯಿತು. ವೈನಿಯವರು ನನ್ನನ್ನು ಕರೆಸಿದರು. ಮೀನು ಹಿಡಿಯುವವಳನ್ನು ಆ ಮನೆಯವರು ಕರೆಸಿದ್ದು ಅದೇ ಮೊದಲು. ನಾನು ಅಂಗಳದಲ್ಲೇ ನಿಂತೆ.

"ಲಗಮವ್ವಾ, ಗಾಳಕ್ಕ ಚುಚ್ಚಾಕ ಇಟ್ಟಿರ್ತೀಯಲ್ಲ, ಆ ಮೀನ ನನಗ ಬೇಕ."

ನಾನು ಅವರ ಮುಖ ನೋಡಿದೆ. "ನಿಮಗ್ಯಾಕ್ರಿ ವೈನಿ?"

"ಹೊಳಿಗೆ ಬಿಡಾಕ. ಇವರ ಕೈ ಮುಟ್ಟಿಸಿ ಬಿಡತೀನಿ ಅಂತ ಬೇಡಿಕೊಂಡೀನಿ. ಬಿಡೂತನಕ ಅನ್ನ ಮುಟ್ಟೂದಿಲ್ಲ. ಆದ್ರ ಬಾಯಿಗೆ ಗಾಯ ಇರಬಾರದ ನೋಡ."

ಹೊಳೆಯಿಂದ ಹಿಡಿದದ್ದನ್ನು ಹೊಳೆಗೆ ಬಿಡುವುದಕ್ಕೆ ಮನೆಗೆ ಯಾಕೆ ತರಬೇಕು? ಕೇಳಿದೆ. ಅಣ್ಣಾಸಾಬರು ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ. ಬೆಳಿಗ್ಗೆ ಸ್ನಾನ, ಪೂಜೆ ಆದ ಮೇಲೆ ಅವರು ಮಡಕೆಗೆ ಕೈ ಹಚ್ಚಬೇಕು. ಅದಕ್ಕೆ ಹಿಂದಿನ ದಿನ ಹೊತ್ತು ಮುಳುಗುವುದರೊಳಗೆ ಮೀನು ಮನೆಗೆ ಬಂದಿರಬೇಕು ಅಂದರು. ಇದು ಅವರ ಧರ್ಮದ ಪದ್ಧತಿಯೋ, ಅವರೊಬ್ಬರ ಮನಸ್ಸಿನದೋ ನನಗೆ ಈಗಲೂ ಗೊತ್ತಿಲ್ಲ. ಒಳಗಿನಿಂದ ಅಣ್ಣಾಸಾಬರು, "ಮೊದಲ ಊಟಾ ಮಾಡು ಅಂತ ಆಕಿಗೆ ಹೇಳ ಲಗಮವ್ವಾ. ನಾ ಹೇಳಿದ್ರ ಕೇಳವಲ್ಲಳು," ಅಂತ ಕೂಗಿದರು.

ಗಾಯವಿಲ್ಲದ ಮೀನು ಬೇಕಾದರೆ ಗಾಳ ಹಾಕುವಂತಿಲ್ಲ. ಅದಕ್ಕೆ ಬೇರೆ ಕೋಲಿದೆ. ನಾವು ತೊಟ್ಟಿಲು ಅನ್ನುತ್ತೇವೆ. ಬಿದಿರಿನ ಎರಡು ಸೀಳನ್ನು ಅಡ್ಡಡ್ಡ ಬಾಗಿಸಿ ಕಟ್ಟಿ, ನಾಲ್ಕು ತುದಿಗೆ ಸೊಳ್ಳೆಪರದೆಯ ಬಟ್ಟೆ ಬಿಗಿದು, ದಪ್ಪ ಕೋಲಿನ ತುದಿಗೆ ತೂಗುಹಾಕುವುದು. ನಡುವೆ ರೊಟ್ಟಿ ಇಟ್ಟು ಮುಳುಗಿಸಿ ಕೂರಬೇಕು. ಮೀನು ಮೇಲೆ ಬಂದು ಮುತ್ತಿದಾಗ ನಿಧಾನ ಎತ್ತಬೇಕು. ಹರಿಯುವ ನೀರಿನಲ್ಲಿ ಆಗದು, ತೋಳು ಕಳಚುತ್ತದೆ. ಮೀನಿಗೆ ಮಾತ್ರ ಏನೂ ಆಗುವುದಿಲ್ಲ.

"ಎರೆಹುಳ ಹಾಕ್ತೀ ಏನ?" ಅಂತ ವೈನಿಯವರು ಬಾಗಿಲಿಂದ ಮತ್ತೆ ಕರೆದು ಕೇಳಿದರು.

"ಇಲ್ರಿ. ರೊಟ್ಟಿ."

"ಹಂಗಾರ ಹೂಂ."

ಹೊಳೆಗಿಳಿಯುವ ಮೆಟ್ಟಿಲಿನ ಘಾಟಿನ ಪಕ್ಕ ಜಾಲಿಯ ನೆರಳಲ್ಲಿ ಕೂತು ತೊಟ್ಟಿಲಿನಿಂದ ಹಿಡಿದೆ. ಹೊಳೆ ನೀರಿನ ಕೊಡದಲ್ಲಿ ಒಯ್ದು ಕೊಟ್ಟೆ. ಮೀನು ಲವಲವಿಕೆಯಿಂದಿದ್ದವು. ವೈನಿಯವರು ಕೊಡ ಒಳಗೊಯ್ದು ಜರಡಿಯ ಹಾಗಿನ ಬಟ್ಟೆಯಿಂದ ಅವನ್ನು ತಮ್ಮ ಪಾತ್ರೆಗೆ ಬಿಟ್ಟುಕೊಂಡರು. ಬೆಳಿಗ್ಗೆ ಆಳುಮಗಳು ಓಡಿಬಂದಳು. ಎಲ್ಲಾ ಸತ್ತಿದ್ದವು.

ಹೋಗಿ ನೋಡಿದೆ. ತಾಮ್ರದ ಹಂಡೆ! "ತಾಮ್ರದಾಗ ಮೀನ ಬದುಕೂದಿಲ್ರಿ ವೈನಿ," ಅಂದೆ. ಇದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ನನ್ನ ತಲೆ ನಿರಾಳವಾಯಿತು. ಹೊಸ ಮಣ್ಣಿನ ಮಡಕೆ ತರಿಸಿದರು. ಮತ್ತೆ ಹಿಡಿದೆ, ಮತ್ತೆ ಒಯ್ದೆ. ಬೆಳಿಗ್ಗೆ ಮತ್ತೆ ಅದೇ.

ಈಗ ನನಗೆ ದಿಕ್ಕೇ ತಿಳಿಯಲಿಲ್ಲ. ಅದೇ ತೊಟ್ಟಿಲಿನ ಮೀನು ನಮ್ಮ ಮನೆಯ ಬಕೆಟ್ಟಿನಲ್ಲಿ ಕುಣಿಯುತ್ತಿದ್ದವು. ಕೈ ಒಣಗಿತ್ತೇ? ಮುಟ್ಟೇ ಇಲ್ಲ. ಹೆಚ್ಚು ತುಂಬಿದೆನೇ? ಇಲ್ಲ. ಬಿಸಿಲು? ಅವರದು ತಂಪಾದ ದೇವರ ಕೋಣೆಯ ಪಡಸಾಲೆ. ಸೋಪು? ಆ ಮನೆಯಲ್ಲಿ ವ್ರತ ಇದ್ದಾಗ ಪಾತ್ರೆ ತಿಕ್ಕುವುದು ಬೂದಿಯಿಂದ. ಮಡಕೆ ಹೊಸದು, ಅದರ ಮಣ್ಣಿನಲ್ಲಿ ಏನಾದರೂ ಇತ್ತೇ? ಮಡಕೆಯನ್ನು ಹೊತ್ತುಕೊಂಡು ನಮ್ಮ ಮನೆಗೆ ತಂದು ಮೀನು ಹಾಕಿ ಇಟ್ಟೆ. ಬದುಕಿದವು. ನಾನು ಮಡಕೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬೈದೆ. ಮೀನಿಗೋ, ಮಡಕೆಗೋ, ನನಗೇ ಗೊತ್ತಿಲ್ಲ.

ಸಿದ್ರಾಮ ಬ್ಯಾಟರಿ ಡಬ್ಬಿ ತಂದ. "ಇದನ್ನ ಇಡ ಹೋಗಬೇ, ಅವರ ಮನ್ಯಾಗ."

ವೈನಿಯವರು ಒಪ್ಪಲಿಲ್ಲ. ಗುಳುಗುಳು ಸದ್ದು ದೇವರ ಕೋಣೆಯ ಹತ್ತಿರ ಬೇಡ ಅಂದರು. ಅವರ ಮಡಕೆ ತಿರುಗಿ ಕೊಟ್ಟು, ಮತ್ತೆ ಹಿಡಿದ ಮೀನಷ್ಟೇ ಬಿಟ್ಟು ಬಂದೆ. ಅಷ್ಟರಲ್ಲಿ ಊರಲ್ಲಿ ಮಾತು ಹುಟ್ಟಿತ್ತು. ಅಂಬಿಗರ ಮುದುಕಿ ಸತ್ತ ಮೀನು ಕೊಡುತ್ತಾಳೆ ಅಂತ ಕೆಲವರು. ದೇವರೇ ಬೇಡ ಅನ್ನುತ್ತಿದ್ದಾನೆ, ಅಣ್ಣಾಸಾಬರು ಆಪರೇಶನ್ನಿಗೆ ಹೋಗಬಾರದು ಅಂತ ಇನ್ನು ಕೆಲವರು. ಈ ಎರಡನೆಯ ಮಾತು ವೈನಿಯವರ ಕಿವಿಗೆ ಬಿತ್ತು. ಅದು ಕೆಟ್ಟದಾಯಿತು.

ಮೂರನೆಯ ಸಲ ಸತ್ತ ಸುದ್ದಿ ಬಂದಾಗ ನಾನು ಕೋಲು ಬಿಸಾಕಿ ನಡೆದೇ ಹೋದೆ. ಬಿಸಿಲು ಚುರುಗುಟ್ಟುತ್ತಿತ್ತು. ವೈನಿಯವರು ಕಂಬಕ್ಕೆ ಒರಗಿ ಕೂತಿದ್ದರು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಎದ್ದು ಒಳಗೆ ಹೋಗುವಾಗ ಗೋಡೆ ಹಿಡಿದರು. ಹಾಗಿದ್ದರೂ ಮನೆಗೆ ಬಂದವಳಿಗೆ ನೀರು ಕೊಡಬೇಕಲ್ಲ, ತಂಬಿಗೆ ತಂದಿಟ್ಟರು.

ಗಟಗಟ ಕುಡಿದೆ. ಬಾಯಾರಿಕೆ ಹೋಗಲಿಲ್ಲ. "ನೀರ ಹಿಂಗ್ಯಾಕ ಸಪ್ಪಗ ಅದಾವ್ರಿ?" ಅಂದೆ.

"ಕಾಸಿ ಸೋಸಿದ್ದ. ವ್ರತದಾಗ ಅದನ್ನ ಕುಡಿಯೂದು."

"ಮೀನಿಗೂ ಇದನ್ನ ಹಾಕೀರೇನ?"

ಅವರಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. "ಮತ್ತ ಮೀನಿಗೆ ಬ್ಯಾರೆ ನೀರ ಕೊಡ್ಲ್ಯಾ? ಹಸಿ ನೀರಾಗ ಎಷ್ಟ ಸಣ್ಣ ಜೀವ ಇರತಾವ! ಅವನ್ನ ಈ ಮೀನ ತಿಂದ್ರ ಆ ಪಾಪ ಯಾರಿಗೆ? ನಾನ ಎದ್ದು ಕಾಸಿ, ಆರಿಸಿ, ಮೂರ ಪದರ ಅರಿವ್ಯಾಗ ಸೋಸಿ ಹಾಕೀನಿ."

ನೀರು ಆರಿ ತಣ್ಣಗಾದ ಮೇಲೆ ಅದರಲ್ಲೇನು ತಪ್ಪು? ತಣ್ಣನೆಯ ನೀರು, ಚೊಕ್ಕ ನೀರು. ಆದರೂ ಎಲ್ಲ ಬಿಟ್ಟು ಉಳಿದದ್ದು ಅದೊಂದೇ. ನನಗೆ ಬುದ್ಧಿ ಓಡಲಿಲ್ಲ. ಸಾಂಗ್ಲಿಯ ಸಾಹೇಬರಿಗೆ ಫೋನ್ ಹಚ್ಚಿ, ಕಾಸಿದ ನೀರು, ಬಟ್ಟೆ ಮುಚ್ಚಿದ ಮಡಕೆ, ಎಲ್ಲಾ ಹೇಳಿದೆ. ನನಗೆ ಕಿವಿ ಮಂದ ಅಂತ ಸಿದ್ರಾಮ ನನ್ನ ಫೋನಿನ ಸದ್ದು ಜೋರಾಗಿಯೇ ಇಟ್ಟಿರುತ್ತಾನೆ. ಸಾಹೇಬರು ಮರಾಠಿಯಲ್ಲಿ ಹೇಳಿದ್ದು ಇಡೀ ಪಡಸಾಲೆಗೆ ಕೇಳಿತು: ನೀರಿನಲ್ಲಿ ಗಾಳಿ ಬೆರೆತಿರುತ್ತದೆ, ಮೀನು ಉಸಿರಾಡುವುದು ಅದನ್ನೇ, ಕುದಿಸಿದರೆ ಅದು ಹಾರಿಹೋಗುತ್ತದೆ, ಬಾಯಿ ಕಿರಿದಾದ ಮಡಕೆಯನ್ನು ಬಟ್ಟೆಯಿಂದ ಮುಚ್ಚಿಟ್ಟರೆ ಬೇಗ ತಿರುಗಿ ಬರುವುದೂ ಇಲ್ಲ, ಉಸಿರುಗಟ್ಟಿ ಸಾಯುತ್ತವೆ.

ನೀರಿನೊಳಗೆ ಗಾಳಿ ಅಂದರೆ ಏನು, ಇದ್ದರೆ ಕಾಣುವುದಿಲ್ಲ ಯಾಕೆ ಅಂತ ನಾನು ಕೇಳಬೇಕೆಂದಿದ್ದೆ. ವೈನಿಯವರ ಮುಖ ನೋಡಿ ಫೋನ್ ಇಟ್ಟೆ.

"ಹಂಗಾರ ಕೊಂದಾಕಿ ನಾನ ಏನ ಲಗಮವ್ವಾ?"

ಸುಳ್ಳು ಹೇಳುವುದಕ್ಕೆ ನನಗೆ ಬರುವುದಿಲ್ಲ. "ನೀರಿನಿಂದ ಸತ್ತಾವ್ರಿ ವೈನಿ. ನೀರ ನೀವ ಹಾಕಿದ್ರಿ."

ಅವರು ಮತ್ತೆ ಕಂಬಕ್ಕೆ ಒರಗಿ ಕೂತರು. ಒಳಗಿನಿಂದ ಅಣ್ಣಾಸಾಬರ ನಗು, ಅದರ ಬೆನ್ನಿಗೆ ಕೆಮ್ಮು. "ಮೀನಿಗೂ ವ್ರತಾ ಹಿಡಿಸಿದ್ಲಲ್ಲಪಾ ಈಕಿ!"

ವೈನಿಯವರು ನಗಲಿಲ್ಲ. "ಇದಕ್ಕ ಪ್ರಾಯಶ್ಚಿತ್ತ ಆಗಬೇಕ. ಉಪಾಸ ಇನ್ನಷ್ಟ ಹಿಡೀತೀನಿ," ಅಂದರು.

ನಗು ನಿಂತಿತು. "ಹಿಡಿ. ನಾನೂ ಮಿರಜಿಗೆ ಹೋಗೂದಿಲ್ಲ. ನಿನ್ನ ಇಲ್ಲಿ ಹಿಂಗ ಬಿಟ್ಟ, ಅಲ್ಲಿ ಎದಿ ಕೊಯ್ಸಿಕೊಂಡ ಬಿದ್ದಿರ್ಲ್ಯಾ?"

ಗಂಡ ಒಳಗೆ, ಹೆಂಡತಿ ಹೊರಗೆ. ಇಬ್ಬರ ಹಟಕ್ಕೂ ನಡುವೆ ನಾನು ಖಾಲಿ ಕೊಡ ಹಿಡಿದು ನಿಂತಿದ್ದೆ. ಹೊರಡುವ ದಿನ ಮರುದಿನವೇ ಇತ್ತು. ಈ ಸಂಸಾರದ ಮಾತು ನನಗೆ ಯಾಕೆ ಬೇಕು ಅಂತ ಅನ್ನಿಸಿತು. ಆದರೆ ಹೋಗುವುದಕ್ಕೂ ಕಾಲು ಬರಲಿಲ್ಲ.

"ಮಿರಜಿಗೆ ಕಾರಿನ್ಯಾಗ ಹೊಕ್ಕೀರೋ ಇಲ್ಲೋ?" ಅಂದೆ.

"ಹೂಂ."

"ದಾರಿ ಹೊಳಿ ಬದಿಗೇ ಐತಿ. ಘಾಟಿನ ಮುಂದ ನಿಲ್ಲಸ್ರಿ. ಮೀನ ನೀರಾಗ ಇರ್ಲಿ. ಅಣ್ಣಾಸಾಬರ ನೀರಿನ ಕಡೆ ಬರ್ಲಿ. ಮಡಕಿನೂ ಬ್ಯಾಡ, ನಿಮ್ಮ ನೀರೂ ಬ್ಯಾಡ."

ವೈನಿಯವರು ಸೆರಗಿನಿಂದ ತುಟಿ ಒರೆಸಿಕೊಂಡರು. ಆಮೇಲೆ, "ಅವು ಬದುಕಿದ್ರ ಬೇಡಿಕೊಂಡಷ್ಟಕ್ಕ ಉಪಾಸ ಬಿಡತೀನಿ. ಸತ್ತವದ್ದ ಲೆಕ್ಕ ಆಮ್ಯಾಲ ನೋಡ್ತೀನಿ," ಅಂದರು. ಅಣ್ಣಾಸಾಬರು ಒಳಗಿನಿಂದ, "ಆತು," ಅಂದರು.

ಆ ಮಧ್ಯಾಹ್ನ ತೊಟ್ಟಿಲಿನಿಂದ ಹಿಡಿದು ಬುಟ್ಟಿಯಲ್ಲಿ ಹಾಕಿ ಹೊಳೆಯಲ್ಲೇ ಮುಳುಗಿಸಿಟ್ಟೆ. ಬೆಳಕು ಹರಿಯುವುದರೊಳಗೇ ಹೋಗಿ ಬುಟ್ಟಿ ಎತ್ತಿದೆ. ನಮ್ಮತ್ತೆಯ ಕಾಲದಿಂದ ಈ ಬುಟ್ಟಿಯಲ್ಲಿ ಮೀನು ಸತ್ತಿದ್ದಿಲ್ಲ, ಆದರೆ ಆ ವಾರ ನನಗೆ ಯಾವುದರ ಮೇಲೂ ಭರವಸೆ ಉಳಿದಿರಲಿಲ್ಲ. ಇದ್ದವು. ಎಲ್ಲಾ ಇದ್ದವು.

ಕಾರು ಬಂತು. ಅಣ್ಣಾಸಾಬರನ್ನು ಅವರ ತಮ್ಮನ ಮಗ, ಸಿದ್ರಾಮ ಇಬ್ಬರೂ ಕುರ್ಚಿ ಸಮೇತ ಎತ್ತಿ ಕೊನೆಯ ಮೆಟ್ಟಿಲಿಗೆ ತಂದರು. ಬುಟ್ಟಿಯನ್ನು ನೀರಿನಲ್ಲೇ ಅವರ ಕೈಗೆ ಎಟುಕುವಂತೆ ಹಿಡಿದೆ. ಅವರು ಬೆರಳು ಇಳಿಬಿಟ್ಟರು.

"ಏ, ಕಡ್ಯಾಕತ್ತಾವಲ್ಲೇ ಇವು!"

"ರೊಟ್ಟಿ ಅಂತ ತಿಳದಾವ್ರಿ," ಅಂದ ಸಿದ್ರಾಮ.

ಬುಟ್ಟಿ ಬೋರಲು ಮಾಡಿದೆ. ಮೀನು ಓಡಿಹೋಗಲಿಲ್ಲ. ಅಲ್ಲೇ ಮೆಟ್ಟಿಲ ಬಳಿ ಗುಂಪಾಗಿ ಸುತ್ತತೊಡಗಿದವು. ವೈನಿಯವರು ಕಣ್ಣು ಅಗಲ ಮಾಡಿ ನೋಡುತ್ತಿದ್ದರು.

"ಯಾಕ ಹೋಗವಲ್ಲು ಲಗಮವ್ವಾ?"

"ಗೊತ್ತಿಲ್ರಿ," ಅಂದೆ. ನಿಜವಾಗಿ ಗೊತ್ತಿರಲಿಲ್ಲ. ಬಿಟ್ಟ ಮೀನು ಏನು ಮಾಡುತ್ತದೆ ಅಂತ ನಾನು ಆವರೆಗೆ ನೋಡಿದವಳೇ ಅಲ್ಲ.

ಅಣ್ಣಾಸಾಬರು ಅಂಗೈಯಿಂದ ನೀರನ್ನು ಒಂದು ಸಲ ಬಡಿದರು. ಮಿಂಚಿದ ಹಾಗೆ ಹೊಳೆದು ಚದುರಿದವು. ವೈನಿಯವರು ಕಾರಿನಲ್ಲಿ ಕೂತು ಡಬ್ಬಿಯ ಹೆಸರುಬೇಳೆ ಕಟ್ಟನ್ನು ಗುಟುಕು ಗುಟುಕಾಗಿ ಕುಡಿದರು. ಅದು ಮುಗಿಯುವವರೆಗೂ ಅಣ್ಣಾಸಾಬರು ಕಾರು ಹೊರಡಿಸಲು ಬಿಡಲಿಲ್ಲ.

ಆಪರೇಶನ್ ಚೆನ್ನಾಗಿ ಆಯಿತು. ಅಣ್ಣಾಸಾಬರು ಈಗ ಹೊಲಕ್ಕೂ ಹೋಗುತ್ತಾರೆ. ಅದಕ್ಕೂ ಮೀನಿಗೂ ಸಂಬಂಧವಿದೆಯೋ ಇಲ್ಲವೋ ನನ್ನನ್ನು ಕೇಳಬೇಡಿ. ಡಾಕ್ಟರು ಕೊಯ್ದರು, ಹೊಲಿದರು, ಇವರು ಬದುಕಿದರು. ಆದರೆ ಅದೆಲ್ಲ ತಿಳಿದದ್ದು ಆಮೇಲೆ. ಕಾರು ಹೋದ ದಿನ ನಮಗಾರಿಗೂ ಏನೂ ಗೊತ್ತಿರಲಿಲ್ಲ. ಕೊಯ್ಯುವುದು ಮರುದಿನ ಬೆಳಿಗ್ಗೆ ಅಂತ ಮಾತ್ರ ಗೊತ್ತಿತ್ತು.

ಸಿದ್ರಾಮ ಹಗ್ಗ ಸುತ್ತುತ್ತ ಘಾಟಿನ ನೀರು ನೋಡಿ, "ನಾಳಿ ಇಲ್ಲೇ ಕೂಡಬೇ. ಮತ್ತ ತಿರುಗಿ ಬಂದಾವ ನೋಡ. ಮೆಟ್ಟಲ ತುಂಬ ಮೀನ ಅದಾವ," ಅಂದ.

ಮರುದಿನ ಬೆಳಿಗ್ಗೆ ಹಿಟ್ಟು ನಾದಿಕೊಂಡು, ಅತ್ತೆಯ ಬಿದಿರಿನ ಕೋಲು ಹಿಡಿದು ಹೊರಟೆ. ಘಾಟಿನ ಮುಂದೆ ನಿಂತೆ. ನೀರು ತಿಳಿಯಾಗಿತ್ತು, ಮೆಟ್ಟಿಲ ಬಳಿ ಮೀನು ಸುತ್ತುತ್ತಿದ್ದವು. ಮಿರಜದಲ್ಲಿ ಅಣ್ಣಾಸಾಬರ ಎದೆ ಕೊಯ್ಯುವ ಹೊತ್ತು ಅದು. ದಾಟಿ ಮುಂದೆ ನಡೆದೆ. ಕಬ್ಬಿನ ಬದುವಿನಲ್ಲಿ, ಕೆಸರಿನಲ್ಲಿ, ಇಟ್ಟಿಗೆ ಭಟ್ಟಿಯ ಆಚೆಯವರೆಗೂ. ಅಲ್ಲಿ ನೀರು ರಾಡಿ, ಮೀನು ಕಡಿಮೆ. ಅಲ್ಲಿಯೇ ಕೂತು ಗಾಳ ಬಿಟ್ಟೆ. ಹೊತ್ತು ನೆತ್ತಿಗೆ ಬಂದಾಗ ಸಿದ್ರಾಮ ಹುಡುಕಿಕೊಂಡು ಬಂದು ಬುಟ್ಟಿ ಎತ್ತಿ ನೋಡಿದ.

"ಇಷ್ಟನಾ? ಘಾಟ ಬಿಟ್ಟ ಇಲ್ಲಿ ಯಾಕ ಬಂದೀಬೇ?"

"ಕೂಡು ಸುಮ್ಮನ. ಬೆಂಡ ಅಲಗ್ಯಾಡಾಕತ್ತೈತಿ," ಅಂದೆ.